ಬಿದ್ದೆದ್ದ ಕುದುರೆ: ಒಳಗಾಯ ಪತ್ತೆಹಚ್ಚುವ ಕ್ರಮ

ಡಾಂಬರು ರಸ್ತೆಯಲ್ಲಿ ಲಾಳ ಜಾರಿ ಬಿದ್ದ ಕುದುರೆ ಬಹುತೇಕ ಸಂದರ್ಭಗಳಲ್ಲಿ ಕೆಲವೇ ಕ್ಷಣಗಳಲ್ಲಿ ಎದ್ದು ನಿಲ್ಲುತ್ತದೆ. ಮೈ ಕೊಡವಿ ನಾಲ್ಕು ಹೆಜ್ಜೆ ಹಾಕಿದರೆ ಏನೂ ಆಗಿಲ್ಲವೆಂದು ಸವಾರ ಮತ್ತೆ ಏರುತ್ತಾನೆ, ಟಾಂಗಾದವನು ಮತ್ತೆ ಗಾಡಿ ಹೂಡುತ್ತಾನೆ. ಅನೇಕ ವೇಳೆ ಗುಣವಾಗಬಹುದಾಗಿದ್ದ ಪೆಟ್ಟು ಪ್ರಾಣಕ್ಕೆ ಎರವಾಗುವುದು ಈ ಆತುರದಿಂದಲೇ.

ನೋವನ್ನು ಮರೆಮಾಚುವುದು ಬೇಟೆಗೆ ಗುರಿಯಾಗುವ ಪ್ರಾಣಿಯ ಸಹಜ ಗುಣ. ಗಾಬರಿಯಾದಾಗ ರಕ್ತಕ್ಕೆ ಸೇರುವ ಅಡ್ರಿನಲಿನ್ ಕೂಡ ಸ್ವಲ್ಪ ಹೊತ್ತು ನೋವು ತೋರದಂತೆ ಮಾಡುತ್ತದೆ. ಮೆತ್ತನೆಯ ಮಣ್ಣು ಹೊಡೆತವನ್ನು ಕೊಂಚ ಹೀರಿಕೊಳ್ಳುತ್ತದೆ. ಡಾಂಬರು, ಕಾಂಕ್ರೀಟು ಹೀರಿಕೊಳ್ಳುವುದಿಲ್ಲ. ಮೈಸೂರಿನ ಟಾಂಗಾ ಕುದುರೆಗಳು, ದಸರಾ ಮೆರವಣಿಗೆಯಲ್ಲಿ ಸಾಗುವ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳು ಓಡಾಡುವುದು ಇಂತಹ ನೆಲದ ಮೇಲೆಯೇ.

ಮೊದಲು ಸುರಕ್ಷತೆ

ಬಿದ್ದ ಕುದುರೆಯ ಕಾಲುಗಳ ಕಡೆಯಿಂದ ಯಾರೂ ಹತ್ತಿರ ಹೋಗಬಾರದು. ಬೆನ್ನಿನ ಬದಿಯಿಂದ ತಲೆಯತ್ತ ಸಾಗಬೇಕು. ಗಾಡಿಗೆ ಕಟ್ಟಿದ್ದರೆ ಪಟ್ಟಿಗಳನ್ನು ಬಿಚ್ಚಬೇಕು ಅಥವಾ ಕತ್ತರಿಸಬೇಕು. ಹೊಡೆದು ಎಬ್ಬಿಸುವುದು ಸಲ್ಲದು. ಎದ್ದ ಬಳಿಕ ತಡಿಯನ್ನು ತೆಗೆದು, ನಿಂತಲ್ಲೇ ಶಾಂತವಾಗಲು ಬಿಡಬೇಕು.

ನಾಡಿ, ಉಸಿರು, ಒಸಡು

ವಿಶ್ರಾಂತಿಯಲ್ಲಿರುವ ವಯಸ್ಕ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44 ಬಾರಿ ಮಿಡಿಯುತ್ತದೆ. ಉಸಿರಾಟ 8ರಿಂದ 16 ಬಾರಿ. ದವಡೆಯ ಮೂಳೆಯ ಕೆಳಗೆ ಬೆರಳಿಟ್ಟರೆ ನಾಡಿ ಸಿಗುತ್ತದೆ. ಬಿದ್ದ ತಕ್ಷಣ ಎರಡೂ ಏರುವುದು ಸಹಜ. ಅರ್ಧ ಗಂಟೆಯ ನಂತರವೂ ನಾಡಿ 60ಕ್ಕಿಂತ ಕೆಳಗಿಳಿಯದಿದ್ದರೆ ತೀವ್ರ ನೋವು ಅಥವಾ ಒಳರಕ್ತಸ್ರಾವವನ್ನು ಶಂಕಿಸಬೇಕು. ಒಸಡನ್ನು ಒತ್ತಿ ಬಿಟ್ಟಾಗ 2 ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಒಸಡು ಬಿಳಚಿಕೊಂಡಿದ್ದರೆ ಅದು ಅಪಾಯದ ಸೂಚನೆ.

ತಲೆಯಿಂದ ಗೊರಸಿನವರೆಗೆ

ಮುಂಗಾಲೆತ್ತಿ ಹಿಂದಕ್ಕೆ ಉರುಳಿದ ಕುದುರೆಯ ನೆತ್ತಿಗೆ ಪೆಟ್ಟು ಬಿದ್ದು ತಲೆಬುರುಡೆಯ ತಳದ ಮೂಳೆ ಮುರಿಯುವ ಸಂಭವವಿದೆ. ಮೂಗು ಅಥವಾ ಕಿವಿಯಲ್ಲಿ ರಕ್ತ, ಒಂದೆಡೆ ವಾಲಿದ ತಲೆ, ತೂರಾಡುವ ನಡಿಗೆ ಇದರ ಲಕ್ಷಣಗಳು.

ಮುಗ್ಗರಿಸಿ ಬಿದ್ದಾಗ ಹೆಚ್ಚಾಗಿ ಗಾಯಗೊಳ್ಳುವುದು ಮುಂಗಾಲಿನ ಮಂಡಿ. ತರಚುಗಾಯದಿಂದ ತಿಳಿಹಳದಿ ಬಣ್ಣದ ಅಂಟು ದ್ರವ ಒಸರುತ್ತಿದ್ದರೆ ಕೀಲು ತೆರೆದುಕೊಂಡಿರಬಹುದು. ಸೋಂಕು ತಗುಲಿದರೆ ಕುದುರೆ ಶಾಶ್ವತವಾಗಿ ಕುಂಟಾಗುವುದರಿಂದ ಇದು ಕೆಲವೇ ಗಂಟೆಗಳಲ್ಲಿ ಚಿಕಿತ್ಸೆ ಬೇಡುವ ಸ್ಥಿತಿ. ಅರಿಸಿನ, ಮುಲಾಮು ಮೆತ್ತದೆ ಶುಚಿಯಾದ ಬಟ್ಟೆ ಮುಚ್ಚಿ ವೈದ್ಯರನ್ನು ಕರೆಸಬೇಕು.

ಪಕ್ಕಕ್ಕೆ ಬಿದ್ದಿದ್ದರೆ ಹಿಂದೆ ಸುರಕ್ಷಿತ ದೂರದಲ್ಲಿ ನಿಂತು ಸೊಂಟದ ಎರಡೂ ಮೂಳೆಗಳು ಸಮ ಎತ್ತರದಲ್ಲಿವೆಯೇ ನೋಡಬೇಕು. ಪಕ್ಕೆಲುಬು, ಬೆನ್ನು, ಹೆಗಲಿನ ಉಬ್ಬುಗಳನ್ನು ಅಂಗೈಯಿಂದ ಸವರಿದಾಗ ಬಿಸಿ, ಊತ ಅಥವಾ ಕುದುರೆ ಬೆಚ್ಚುವುದು ಕಂಡುಬಂದರೆ ಆ ಜಾಗವನ್ನು ಗುರುತಿಟ್ಟುಕೊಳ್ಳಬೇಕು. ಕೊನೆಗೆ ಪ್ರತಿ ಗೊರಸನ್ನೂ ಎತ್ತಿ ಲಾಳ, ಮೊಳೆಗಳನ್ನು ಪರೀಕ್ಷಿಸಬೇಕು.

ನಡೆಸಿ ನೋಡುವುದು ಯಾವಾಗ?

ಕಾಲಿನ ಮೇಲೆ ಭಾರ ಹಾಕದ ಕುದುರೆಯನ್ನು ಒಂದು ಹೆಜ್ಜೆಯೂ ನಡೆಸಬಾರದು. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೂ ಕುದುರೆ ನಿಲ್ಲಬಲ್ಲದು. ಓಡಿಸಿದರೆ ಅದೇ ಬಿರುಕು ಪೂರ್ತಿ ಮುರಿತವಾಗುತ್ತದೆ. ವೈದ್ಯರ ಸಲಹೆಯಿಲ್ಲದೆ ನೋವು ನಿವಾರಕ ಚುಚ್ಚುಮದ್ದು ಕೊಡುವುದೂ ಅಪಾಯಕಾರಿ. ನೋವು ಮರೆತ ಕುದುರೆ ಮುರಿದ ಕಾಲಿನ ಮೇಲೆಯೇ ಭಾರ ಹಾಕುತ್ತದೆ.

ಒಂದು ಕಾಲಿನ ಗಾಯ ಉಳಿದ ಕಾಲುಗಳನ್ನೂ ಕೆಡಿಸುತ್ತದೆ. ಕೆಂಟಕಿ ಡರ್ಬಿ ಗೆದ್ದ ಅಮೆರಿಕದ ಬಾರ್ಬರೋ ಕುದುರೆ 2006ರ ಮೇ 20ರಂದು ಪ್ರೀಕ್‌ನೆಸ್ ಪಂದ್ಯದಲ್ಲಿ, ಬೀಳದೆಯೇ, ಬಲ ಹಿಂಗಾಲಿನ ಮೂಳೆ ಮುರಿದುಕೊಂಡಿತು. ಶಸ್ತ್ರಚಿಕಿತ್ಸೆ ನಡೆಯಿತಾದರೂ ಭಾರ ಹೊತ್ತ ಎಡ ಹಿಂಗಾಲಿಗೆ ಲ್ಯಾಮಿನೈಟಿಸ್ ಎಂಬ ಗೊರಸಿನ ಉರಿಯೂತ ತಗುಲಿತು. ಚೇತರಿಕೆ ಅಸಾಧ್ಯವೆನಿಸಿದಾಗ 2007ರ ಜನವರಿ 29ರಂದು ಅದಕ್ಕೆ ದಯಾಮರಣ ನೀಡಲಾಯಿತು.

24 ಗಂಟೆಗಳ ನಿಗಾ

ಊತ, ಬಿಗಿತ ಹಲವು ವೇಳೆ ಮರುದಿನವೇ ಕಾಣಿಸಿಕೊಳ್ಳುತ್ತವೆ. ಮೇವು, ನೀರು, ಸಗಣಿ, ಮೂತ್ರಗಳನ್ನು ಗಮನಿಸುತ್ತಿರಬೇಕು. ಕಂದು ಅಥವಾ ಕೆಂಪು ಮೂತ್ರ ಸ್ನಾಯುವಿಗೆ ಇಲ್ಲವೇ ಮೂತ್ರಾಂಗಗಳಿಗೆ ಹಾನಿಯಾಗಿರುವುದನ್ನು ಸೂಚಿಸುತ್ತದೆ. ಧನುರ್ವಾಯುವಿಗೆ ಕುದುರೆ ಬಹುಬೇಗ ತುತ್ತಾಗುವುದರಿಂದ ಸಣ್ಣ ಗಾಯವಾದರೂ ಲಸಿಕೆಯ ವಿಚಾರವನ್ನು ವೈದ್ಯರಲ್ಲಿ ಕೇಳಬೇಕು.

ಗಾಯಗೊಂಡು ಕೆಲಸಕ್ಕೆ ಅನರ್ಹವಾದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ದುಡಿಮೆಯ ದಿನವೊಂದು ತಪ್ಪಿದರೆ ಟಾಂಗಾದವನ ಮನೆಗೆ ಕಷ್ಟವೇ ಸರಿ. ಕುದುರೆಯೇ ಹೋದರೆ ಜೀವನಾಧಾರವೇ ಹೋದಂತೆ. ಹತ್ತಿರದ ಪಶು ಆಸ್ಪತ್ರೆ ಅಥವಾ 1962 ಸಂಖ್ಯೆಯ ಉಚಿತ ಪಶು ಸಹಾಯವಾಣಿಯನ್ನು ಸಂಪರ್ಕಿಸಿ, ವೈದ್ಯರು ಒಪ್ಪುವವರೆಗೆ ಕುದುರೆಗೆ ವಿಶ್ರಾಂತಿ ಕೊಡುವುದು ಒಳಿತು.