ಲಾರೆಸ್: ಕಾಫಿ, ಸಾಲ ಮತ್ತು ಒಂದು ದಿನದ ಗಣರಾಜ್ಯ

ಕೆರಿಬಿಯನ್ ಎಂದೊಡನೆ ನೆನಪಾಗುವುದು ಕಡಲತೀರ ಹಾಗೂ ಕಬ್ಬಿನ ಗದ್ದೆ. ಪೋರ್ಟೊರಿಕೊ ದ್ವೀಪದ ಪಶ್ಚಿಮದ ಬೆಟ್ಟಗಳ ನಡುವಿನ ಲಾರೆಸ್ ಪಟ್ಟಣದ ಕಥೆಯೇ ಬೇರೆ. 1827ರಲ್ಲಿ ಸ್ಥಾಪನೆಯಾದ ಈ ಊರನ್ನು ಬೆಳೆಸಿದ್ದು ಕಾಫಿ. ಬಂಡಾಯಕ್ಕೆ ಎಳೆದದ್ದು ಕಾಫಿಯ ಸಾಲ.

ಕಾಫಿ ಗಿಡ ಫಸಲು ಕೊಡಲು ಮೂರ್ನಾಲ್ಕು ವರ್ಷ ಬೇಕು. ಅಲ್ಲಿಯವರೆಗೆ ಬೆಳೆಗಾರರಿಗೆ ಸಾಲ ಕೊಡುತ್ತಿದ್ದವರು ಸ್ಪೇನಿನ ವರ್ತಕರು. ಫಸಲನ್ನು ಕೊಳ್ಳುತ್ತಿದ್ದವರೂ ಅವರೇ. ಬೆಲೆ ಯಾರ ಕೈಯಲ್ಲಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಕೂಲಿಯವರ ಪಾಡು ಇನ್ನೂ ಕಷ್ಟ. 1849ರ ನಿಯಮದಂತೆ ಭೂಮಿಯಿಲ್ಲದವನು ‘ಲಿಬ್ರೆಟಾ’ ಎಂಬ ಪುಟ್ಟ ಪುಸ್ತಕವನ್ನು ಸದಾ ಜೊತೆಗಿಟ್ಟುಕೊಳ್ಳಬೇಕಿತ್ತು. ಅವನ ಕೆಲಸ, ನಡತೆಗಳನ್ನು ಧಣಿ ಅದರಲ್ಲಿ ಬರೆಯುತ್ತಿದ್ದ.

1868ರ ಸೆಪ್ಟೆಂಬರ್ 23ರ ರಾತ್ರಿ ಬೆಳೆಗಾರರು, ಕೂಲಿಗಳು, ಗುಲಾಮರು ಒಟ್ಟಾಗಿ ಮಾನುವೆಲ್ ರೋಹಾಸ್ ಅವರ ತೋಟದಿಂದ ಊರಿಗೆ ನುಗ್ಗಿದರು. ವರ್ತಕರ ಅಂಗಡಿಗಳು ಲೂಟಿಯಾದವು. ಗಣರಾಜ್ಯ ಘೋಷಣೆಯಾಯಿತು, ಲಿಬ್ರೆಟಾ ರದ್ದಾಯಿತು, ಹೋರಾಟಕ್ಕಿಳಿದ ಗುಲಾಮರಿಗೆ ಬಿಡುಗಡೆ ಸಾರಲಾಯಿತು. ದಂಗೆಯ ರೂವಾರಿ, ವೈದ್ಯ ರಮೋನ್ ಎಮೆತೇರಿಯೊ ಬೆತಾನ್ಸೆಸ್ ಆಗ ಗಡೀಪಾರಾಗಿ ಹೊರಗಿದ್ದರು. ಮರುದಿನವೇ ನೆರೆಯ ಸಾನ್ ಸೆಬಾಸ್ಟಿಯನ್‌ನಲ್ಲಿ ದಂಗೆಕೋರರು ಸೋತರು. ಆದರೂ ಐದು ವರ್ಷಗಳಲ್ಲಿ, 1873ರಲ್ಲಿ, ಸ್ಪೇನ್ ಸರ್ಕಾರ ಗುಲಾಮಗಿರಿ, ಲಿಬ್ರೆಟಾ ಎರಡನ್ನೂ ದ್ವೀಪದಿಂದ ತೆಗೆದುಹಾಕಿತು.

ಸಾಲದ ಹಿಡಿತ ಮಾತ್ರ ಹೋಗಲಿಲ್ಲ. ಶತಮಾನದ ಕೊನೆಗೆ ಕಾಫಿ ದ್ವೀಪದ ಮುಖ್ಯ ರಫ್ತಾಗಿದ್ದಾಗಲೇ, 1898ರಲ್ಲಿ, ಪೋರ್ಟೊರಿಕೊ ಅಮೆರಿಕದ ವಶವಾಯಿತು. ಸ್ಪೇನ್, ಕ್ಯೂಬಾ ಮಾರುಕಟ್ಟೆಗಳು ಸುಂಕದ ಗೋಡೆಯಾಚೆ ಉಳಿದವು. ಅಮೆರಿಕ ಸಕ್ಕರೆಗೆ ರಕ್ಷಣೆ ಕೊಟ್ಟಿತು, ಕಾಫಿಗೆ ಕೊಡಲಿಲ್ಲ. 1899ರ ಆಗಸ್ಟ್‌ನಲ್ಲಿ ಸಾನ್ ಸಿರಿಯಾಕೊ ಚಂಡಮಾರುತ ತೋಟಗಳನ್ನು ನೆರಳಿನ ಮರಗಳ ಸಮೇತ ಕೆಡವಿತು. 2017ರಲ್ಲಿ ಮರಿಯಾ ಚಂಡಮಾರುತ ಬಂದಾಗ ಲಾರೆಸ್‌ನ ಸ್ಮಶಾನದ ನೆಲವೇ ಕುಸಿದು ಗೋರಿಗಳು ಜಾರಿದವು.

ಪ್ರತಿ ಸೆಪ್ಟೆಂಬರ್ 23ರಂದು ಊರಿನ ಚೌಕದಲ್ಲಿ ಸ್ವಾತಂತ್ರ್ಯವಾದಿಗಳು ಸೇರುತ್ತಾರೆ. ದ್ವೀಪ ಇಂದಿಗೂ ಅಮೆರಿಕದ ಅಧೀನದಲ್ಲೇ ಇದೆ.