ವೃಷಭಾವತಿಯ ವಾರಸುದಾರರು

ಮಲ್ಲೇಶ್ವರದ ದಿಣ್ಣೆಯ ಮೇಲೆ ಬಿದ್ದ ಮಳೆಗೆ ಎರಡು ದಾರಿ. ಪೂರ್ವಕ್ಕೆ ಇಳಿದದ್ದು ಕೆರೆಯಿಂದ ಕೆರೆಗೆ ಹಾಯ್ದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ಪಶ್ಚಿಮಕ್ಕೆ ಇಳಿದದ್ದು ವೃಷಭಾವತಿಯಾಗಿ ಹರಿದು ಅರ್ಕಾವತಿಯನ್ನು ಕೂಡಿ, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಕಾವೇರಿ ನೀರಿಗಾಗಿ ಇಷ್ಟೆಲ್ಲ ಹೋರಾಡಿದ ಬೆಂಗಳೂರು ತಾನು ಕಾವೇರಿಗೆ ಕೊಡುತ್ತಿರುವುದು ಏನನ್ನು ಎಂದು ನೋಡಬೇಕಾದರೆ ಮೈಸೂರು ರಸ್ತೆಯ ಪಕ್ಕ ಹರಿಯುವ ಈ ಕಪ್ಪು ನೀರನ್ನು ಹಿಂಬಾಲಿಸಿದರೆ ಸಾಕು.

ಹೊಳೆ ಹುಟ್ಟಿದ ಜಾಗಕ್ಕೆ ಎರಡು ಬಡಾವಣೆಗಳು ಹಕ್ಕು ಹೂಡುತ್ತವೆ. ಬಸವನಗುಡಿಯವರ ಪ್ರಕಾರ ದೊಡ್ಡ ಬಸವಣ್ಣನ ಪಾದದಲ್ಲಿ. ಮಲ್ಲೇಶ್ವರದವರ ಪ್ರಕಾರ ಕಾಡು ಮಲ್ಲೇಶ್ವರನ ಎದುರಿನ ನಂದಿತೀರ್ಥದಲ್ಲಿ, ಬಸವನ ಬಾಯಿಂದ. ಎರಡೂ ಕಡೆಯಿಂದ ಕವಲುಗಳು ಬರುವುದು ನಿಜವಾದ್ದರಿಂದ ಜಗಳ ತೀರುವಂಥದ್ದಲ್ಲ. ಮಲ್ಲೇಶ್ವರದ ಕಡೆಯ ನೀರು ಮಹಾಲಕ್ಷ್ಮೀಪುರ, ರಾಜಾಜಿನಗರ, ಬಸವೇಶ್ವರನಗರ, ಮಾಗಡಿ ರಸ್ತೆ, ವಿಜಯನಗರದ ತಗ್ಗುಗಳನ್ನು ಕೂಡಿಕೊಂಡು ಮೈಸೂರು ರಸ್ತೆಗೆ ಇಳಿಯುತ್ತದೆ. ಅಲ್ಲಿಂದ ನಾಯಂಡಹಳ್ಳಿ, ರಾಜರಾಜೇಶ್ವರಿನಗರ, ಕೆಂಗೇರಿ, ಕುಂಬಳಗೋಡು, ಬಿಡದಿ, ಬೈರಮಂಗಲ. ಕೆಂಗೇರಿಯ ಹಿರಿಯರು ಇದರಲ್ಲಿ ಈಜಿದ್ದನ್ನು, ದನ ತೊಳೆದದ್ದನ್ನು ಇನ್ನೂ ಹೇಳುತ್ತಾರೆ. ಅವರ ಮಕ್ಕಳ ಕಾಲಕ್ಕೆ ಅದು ಊರಿಗೆಲ್ಲ ಬೈಗುಳಕ್ಕೆ ಒದಗುವ ‘ಕೆಂಗೇರಿ ಮೋರಿ’ಯಾಗಿತ್ತು.

ಹೊಳೆ ಕೆಡುವ ಮೊದಲು ಅದರ ಕೆರೆಗಳು ಹೋದವು. ಕೇತಮಾರನಹಳ್ಳಿ, ಕುರುಬರಹಳ್ಳಿ, ಮಾರೇನಹಳ್ಳಿ, ಸಾಣೆಗುರುವನಹಳ್ಳಿ: ಪಶ್ಚಿಮ ಬೆಂಗಳೂರಿನಲ್ಲಿ ಇಂದು ಬಸ್ ನಿಲ್ದಾಣದ ಹೆಸರಾಗಿ ಉಳಿದಿರುವ ಎಷ್ಟೋ ಹಳ್ಳಿಗಳಿಗೆ ಒಂದೊಂದು ಕೆರೆಯಿತ್ತು. ಒಂದರ ಕೋಡಿ ಹರಿದು ಇನ್ನೊಂದನ್ನು ತುಂಬಿಸುತ್ತಿತ್ತು. ಮಳೆನೀರನ್ನು ತಡೆದು, ತಿಳಿಯಾಗಿಸಿ, ಬೇಸಿಗೆಯಲ್ಲೂ ಹೊಳೆಗೆ ಒಂದಿಷ್ಟು ಒಸರು ಕೊಡುತ್ತಿದ್ದುದು ಈ ಸರಪಳಿಯೇ. ಅಳಿದ ಕೆರೆಗಳ ಪಟ್ಟಿಗಳಲ್ಲಿ ಸಾಣೆಗುರುವನಹಳ್ಳಿ ಕೆರೆಯ ಮುಂದೆ ‘ಉದ್ಯಾನ, ಮಾಲಿನ್ಯ ನಿಯಂತ್ರಣ ಮಂಡಳಿಯ ಕಟ್ಟಡ’ ಎಂದು ಬರೆದಿರುತ್ತದೆ. ಬಸವೇಶ್ವರನಗರದ ಮಗ್ಗುಲಲ್ಲಿರುವ ಮಂಡಳಿಯ ಆ ಕಟ್ಟಡದ ಹೆಸರು ನಿಸರ್ಗ ಭವನ. ವ್ಯಂಗ್ಯಚಿತ್ರಕಾರರೂ ಇಷ್ಟು ದೂರ ಹೋಗುತ್ತಿರಲಿಲ್ಲ.

1949 ಈ ಕಣಿವೆಗೆ ಮುಖ್ಯವಾದ ವರ್ಷ. ಆ ವರ್ಷ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ತಮ್ಮದೇ ಹೆಸರಿನ ರಾಜಾಜಿನಗರ ಬಡಾವಣೆಗೆ ಅಡಿಗಲ್ಲು ಇಟ್ಟರು. ಆ ವರ್ಷವೇ ಪೇಟೆ ಮತ್ತು ದಂಡು ಪ್ರದೇಶದ ಎರಡು ಪುರಸಭೆಗಳು ಕೂಡಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು. ಆದರೆ ರಾಜಾಜಿನಗರವನ್ನು ಕಟ್ಟಿದ್ದು ಜನ ಆರಿಸಿದ ಕಾರ್ಪೊರೇಷನ್ ಅಲ್ಲ. 1945ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್. ಕಾರ್ಖಾನೆ ಇರುವಲ್ಲೇ ಕೆಲಸಗಾರರಿಗೆ ಮನೆ ಎಂಬುದು ಅಂದಿನ ಲೆಕ್ಕ. ಅದು ಒಳ್ಳೆಯ ಲೆಕ್ಕವೇ. ಕಾರ್ಖಾನೆಯ ಕೊಳೆನೀರು ಎಲ್ಲಿಗೆ ಹೋಗಬೇಕು ಎಂಬುದನ್ನು ಮಾತ್ರ ಇಳಿಜಾರಿಗೆ ಬಿಡಲಾಯಿತು. ಮುಂದೆ 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂದಾಗಲೂ ಪದ್ಧತಿ ಬದಲಾಗಲಿಲ್ಲ. ಒಬ್ಬರು ಬಡಾವಣೆ ಕಟ್ಟುವುದು, ಇನ್ನೊಬ್ಬರು ಪೈಪು ಹಾಕುವುದು, ಮತ್ತೊಬ್ಬರು ಚರಂಡಿ ಬಳಿಯುವುದು.

ಕೊಳೆ ಹೆಚ್ಚಿದ್ದು ನೀರು ಹೆಚ್ಚಿದಾಗ. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ನಗರಕ್ಕೆ ಬಂತು, ದಿನಕ್ಕೆ 13.5 ಕೋಟಿ ಲೀಟರ್. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳೆನೀರಾಗಿ ಹೊರಡುತ್ತದೆ ಎಂಬುದು ಎಂಜಿನಿಯರುಗಳ ಹಳೆಯ ಲೆಕ್ಕ. ಹೊಸ ನೀರಿನ ಸಂಭ್ರಮದಲ್ಲಿ ಹೊರಡುವ ನೀರಿನ ಯೋಚನೆ ಹಿಂದೆ ಬಿತ್ತು. ಒಳಚರಂಡಿಯ ದೊಡ್ಡ ಕೊಳವೆಗಳು ಗುರುತ್ವವನ್ನು ನಂಬಿ ಕಣಿವೆಯ ತಳದಲ್ಲೇ, ಹೊಳೆಯ ಪಕ್ಕದಲ್ಲೇ ಮಲಗಿದವು. ಒಡೆದಾಗ, ಕಟ್ಟಿಕೊಂಡಾಗ, ಉಕ್ಕಿದಾಗ ಅವು ಸುರಿಯುವುದು ಹೊಳೆಗೇ. ಮೈಸೂರು ರಸ್ತೆಯಲ್ಲಿ ವೃಷಭಾವತಿ ಕಣಿವೆಯ ಶುದ್ಧೀಕರಣ ಘಟಕ 70ರ ದಶಕದಲ್ಲೇ ಬಂದರೂ ಜನ ಬೆಳೆದ ವೇಗಕ್ಕೆ ಅದು ಎಂದೂ ಸಾಟಿಯಾಗಲಿಲ್ಲ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತಂದಿತು. ಲೆಕ್ಕ ಅದೇ ಎಂಬತ್ತು.

ಅದೇ 1974ರಲ್ಲಿ ದೇಶಕ್ಕೆ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆ ಬಂತು. ನೀರು ರಾಜ್ಯಪಟ್ಟಿಯ ವಿಷಯ. ಸಂಸತ್ತು ತಾನಾಗಿ ಅದಕ್ಕೆ ಕೈಹಾಕುವಂತಿಲ್ಲ. ಹಾಗಾಗಿ ಸಂವಿಧಾನದ 252ನೇ ವಿಧಿಯ ಪ್ರಕಾರ ಹನ್ನೆರಡು ರಾಜ್ಯಗಳ ಶಾಸನಸಭೆಗಳು ಗೊತ್ತುವಳಿ ಮಾಡಿ ಕೇಳಿಕೊಂಡ ಮೇಲೆ ಆದ ಕಾಯ್ದೆ ಇದು. ಕೇಳಿಕೊಂಡವರಲ್ಲಿ ಕರ್ನಾಟಕವೂ ಒಂದು. ಸೆಪ್ಟೆಂಬರಿನಲ್ಲಿ ಇಲ್ಲಿನ ಮಾಲಿನ್ಯ ನಿಯಂತ್ರಣ ಮಂಡಳಿಯೂ ಹುಟ್ಟಿತು. ಅಂದರೆ ವೃಷಭಾವತಿ ಸರಿಯಾಗಿ ಕೊಳೆಯತೊಡಗಿದ ವರ್ಷವೇ ಅದನ್ನು ಕಾಯುವ ಕಾನೂನೂ ಕಚೇರಿಯೂ ಸಿದ್ಧವಾಗಿದ್ದವು. ಕಾನೂನು ತಡವಾಗಿ ಬಂತು ಎಂದು ಇಲ್ಲಿ ಯಾರೂ ಹೇಳುವಂತಿಲ್ಲ.

ಹಾಗಾದರೆ ಎಡವಿದ್ದೆಲ್ಲಿ? ಮನೆಗಳ ಕೊಳೆನೀರು 1964ರಲ್ಲಿ ಹುಟ್ಟಿದ ಜಲಮಂಡಳಿಯದು. ಕಾರ್ಖಾನೆಯ ಕೊಳೆನೀರಿಗೆ ಅನುಮತಿ ಕೊಡುವುದು, ನೋಟಿಸು ಕಳಿಸುವುದು ಮಾಲಿನ್ಯ ಮಂಡಳಿಯದು. ದಡ, ತಡೆಗೋಡೆ, ಹೂಳು, ಮಳೆನೀರು ಪಾಲಿಕೆಯ ರಾಜಕಾಲುವೆ ವಿಭಾಗದ್ದು. ಮೊದಲ ಎರಡಕ್ಕೂ ಮತದಾರ ಎಂಬವನೇ ಇಲ್ಲ. ಅವು ನೇರವಾಗಿ ವಿಧಾನಸೌಧಕ್ಕೆ ಉತ್ತರ ಕೊಡುತ್ತವೆ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನೀರು ಸರಬರಾಜು, ನೈರ್ಮಲ್ಯ, ಪರಿಸರ ರಕ್ಷಣೆಗಳನ್ನೆಲ್ಲ ಹನ್ನೆರಡನೇ ಅನುಸೂಚಿಗೆ ಸೇರಿಸಿ, ಇವು ನಗರಸಭೆಗಳಿಗೆ ಒಪ್ಪಿಸಬಹುದಾದ ಕೆಲಸಗಳು ಎಂದಿತು. ಬೆಂಗಳೂರಿನಲ್ಲಿ ಒಪ್ಪಿಸಿದ್ದು ಕಡಿಮೆ. ಉಳಿದದ್ದು ಮೂರನೆಯ ವಾರಸುದಾರ, ಪಾಲಿಕೆ. ಅದರಲ್ಲಾದರೂ ಜನರ ಪ್ರತಿನಿಧಿ ಸದಾ ಇದ್ದನೇ ಎಂದರೆ ಅದೂ ಇಲ್ಲ.

2007ರ ಜನವರಿಯಲ್ಲಿ ನೂರು ವಾರ್ಡುಗಳ ಹಳೆಯ ಪಾಲಿಕೆ, ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಕಲಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದರು. ಆ ಒಂದೇ ಒಂದು ಪುರಸಭೆ ಕೆಂಗೇರಿ. ಹೊಳೆ ಊರ ಪಕ್ಕದಲ್ಲೇ ಹರಿಯುವ, ಅದರ ವಾಸನೆಯನ್ನು ರಾತ್ರಿ ಹಗಲು ಉಣ್ಣುವ ಊರು ತನ್ನದೇ ಚುನಾಯಿತ ಸಭೆಯನ್ನು ಕಳೆದುಕೊಂಡಿತು. ಬದಲಿಗೆ ಬಿಬಿಎಂಪಿಯ ಸದಸ್ಯನನ್ನು ಆರಿಸುವ ಅವಕಾಶ ಬಂದದ್ದು 2010ರ ಮಾರ್ಚಿನಲ್ಲಿ. ನಡುವಿನ ಮೂರು ವರ್ಷ ಆಡಳಿತಾಧಿಕಾರಿಯದೇ ರಾಜ್ಯಭಾರ. ಅದೇ 2007ರಲ್ಲಿ ರಾಮನಗರ ಪ್ರತ್ಯೇಕ ಜಿಲ್ಲೆಯಾಗಿ, ಹೊಳೆಯ ಕೆಳಭಾಗ ಅತ್ತ ಹೋಯಿತು. ಅಂತೂ ಒಂದೇ ವರ್ಷದಲ್ಲಿ ಕೆಂಗೇರಿಯವರ ಸಭೆ ಹೋಯಿತು, ಬೈರಮಂಗಲದವರ ಜಿಲ್ಲೆ ಬೇರೆಯಾಯಿತು.

ಬೈರಮಂಗಲದ ಜಲಾಶಯ ಕಟ್ಟಿದ್ದು 1940ರ ದಶಕದಲ್ಲಿ, ಭತ್ತಕ್ಕೆ ನೀರು ಕೊಡಲು. ನಗರ ಬೆಳೆದಂತೆ ಆ ಜಲಾಶಯ ಬೆಂಗಳೂರಿನ ಕೊಳೆಗುಂಡಿಯಾಯಿತು. ಕೋಡಿಯಲ್ಲಿ ನೊರೆ ಬೆಟ್ಟದಂತೆ ಏಳತೊಡಗಿತು. ರೈತರು ಭತ್ತ ಬಿಟ್ಟು ಆ ನೀರನ್ನು ತಡೆದುಕೊಳ್ಳುವ ಬೇಬಿಕಾರ್ನ್, ಮೇವಿನ ಹುಲ್ಲು, ಹಿಪ್ಪುನೇರಳೆಗೆ ತಿರುಗಿದರು. ಹುಲ್ಲು ಹಸುವಿಗೆ, ಹಾಲು ಮತ್ತೆ ನಗರಕ್ಕೆ. ನೀರಿನಲ್ಲೂ ಹೂಳಿನಲ್ಲೂ ಭಾರ ಲೋಹಗಳಿವೆ ಎಂದು ಸಂಶೋಧಕರು ಮತ್ತೆ ಮತ್ತೆ ಬರೆದಿದ್ದಾರೆ. ಈ ರೈತ ಮತ ಹಾಕಬಹುದು, ಹಾಕುತ್ತಾನೆ ಕೂಡ. ಆದರೆ ರಾಜಾಜಿನಗರದ ವಾರ್ಡಿಗೆ ಹಾಕಲಾರ, ಪೀಣ್ಯದ ಕಾರ್ಖಾನೆಗೆ ಅನುಮತಿ ಕೊಡುವವನನ್ನು ಇಳಿಸಲಾರ. ಈ ಹೊಳೆಯ ರಾಜಕೀಯದ ತಿರುಳು ಇಷ್ಟೇ: ಕೊಳೆ ಬಿಡುವವರು ಒಂದು ಮತಪಟ್ಟಿಯಲ್ಲಿದ್ದಾರೆ, ಕೊಳೆ ಉಣ್ಣುವವರು ಇನ್ನೊಂದರಲ್ಲಿ.

ಬೆಳ್ಳಂದೂರಿನ ಕೆರೆಯೂ ನೊರೆ ಉಕ್ಕಿಸಿತು, ಬೆಂಕಿಯನ್ನೂ ಹೊತ್ತಿಸಿಕೊಂಡಿತು. ಅದರ ನೊರೆ ಐಟಿ ಉದ್ಯೋಗಿಗಳ ಕಾರಿನ ಗಾಜಿಗೆ ಬಡಿದದ್ದರಿಂದ ಸುದ್ದಿ ವಿದೇಶಗಳವರೆಗೆ ಹೋಯಿತು; ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2018ರ ಡಿಸೆಂಬರಿನಲ್ಲಿ ರಾಜ್ಯಕ್ಕೆ 50 ಕೋಟಿ ರೂಪಾಯಿ ತೆರಲು ಹೇಳಿತು. ವೃಷಭಾವತಿಯ ನೊರೆ ಬಿದ್ದದ್ದು ಹುಲ್ಲಿನ ಗದ್ದೆಗಳ ಮೇಲೆ.

ಆಡಳಿತವು ಯಂತ್ರಗಳನ್ನು ತರಲಿಲ್ಲವೆಂದಲ್ಲ. 2014ರ ಫೆಬ್ರವರಿಯಲ್ಲಿ ಕೇಂದ್ರ ಮಾಲಿನ್ಯ ಮಂಡಳಿ ಹೆಚ್ಚು ಕೊಳಕು ಮಾಡುವ ಹದಿನೇಳು ಬಗೆಯ ಉದ್ಯಮಗಳು ತಮ್ಮ ಕೊಳೆನೀರಿಗೆ ಆನ್‌ಲೈನ್ ಮಾಪಕಗಳನ್ನು ಕೂಡಿಸಬೇಕೆಂದು ಆದೇಶಿಸಿತು. ಕ್ಷಣಕ್ಷಣದ ಅಂಕಿ ನೇರ ಮಂಡಳಿಯ ಸರ್ವರಿಗೆ. ಕೇಳಲು ಚೆನ್ನಾಗಿದೆ. ಆದರೆ ಪೀಣ್ಯ, ಕಾಮಾಕ್ಷಿಪಾಳ್ಯದ ಓಣಿಗಳಲ್ಲಿ ಲೋಹಕ್ಕೆ ಮೆರುಗು ಕೊಡುವ ಸಣ್ಣ ಶೆಡ್ಡುಗಳಿಗೂ, ಕತ್ತಲಾದ ಮೇಲೆ ಮೋರಿಗೆ ಬಾಯಿ ಬಿಡುವ ಟ್ಯಾಂಕರುಗಳಿಗೂ ಯಾವ ಮಾಪಕ? 2024ರಲ್ಲಿ ಸಂಸತ್ತು ಜಲ ಕಾಯ್ದೆಯನ್ನು ತಿದ್ದಿ, ಹಲವು ತಪ್ಪುಗಳಿಗೆ ಜೈಲಿನ ಬದಲು ಹತ್ತು ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಸಾಕೆಂದಿತು. ಮತ್ತದೇ 252ನೇ ವಿಧಿ. ಮೊದಲಿಗೆ ಅದು ಅನ್ವಯಿಸಿದ್ದು ಹಿಮಾಚಲ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ. ಉಳಿದ ರಾಜ್ಯಗಳು ಗೊತ್ತುವಳಿ ಮಾಡಿ ಒಪ್ಪಿಕೊಳ್ಳಬೇಕು.

ಚುನಾಯಿತರು ಮಾಡದ್ದನ್ನು ನ್ಯಾಯಾಲಯಗಳು ಮಾಡಹೊರಟವು. 2016ರ ಮೇ 4ರಂದು ಹಸಿರು ನ್ಯಾಯಮಂಡಳಿ ಕೆರೆಯಿಂದ 75 ಮೀಟರ್, ಸಣ್ಣ ಕಾಲುವೆಯಿಂದಲೂ 25 ಮೀಟರ್ ಬಿಟ್ಟು ಕಟ್ಟಿ ಎಂದಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಗರ ಯೋಜನೆಯ ಶಾಸನಬದ್ಧ ಅಂತರಗಳನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂಬುದು ಕಾರಣ. 2021ರಲ್ಲಿ ಹೈಕೋರ್ಟು ವೃಷಭಾವತಿಯ ಪುನಶ್ಚೇತನದ ಅಧ್ಯಯನಕ್ಕೆ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯನ್ನು (ನೀರಿ) ಕರೆಸಿತು. ಶುದ್ಧೀಕರಿಸಿದ ಇದೇ ಕಣಿವೆಯ ನೀರನ್ನು ನೆಲಮಂಗಲ, ತುಮಕೂರಿನ ಕಡೆಯ ಕೆರೆಗಳಿಗೆ ಏರಿಸುವ ಯೋಜನೆಯನ್ನು ಸರ್ಕಾರ ಕೈಗೆತ್ತಿಕೊಂಡಿದೆ, ಕೋರಮಂಗಲ-ಚಲ್ಲಘಟ್ಟ ಕಣಿವೆಯ (ಕೆ.ಸಿ. ವ್ಯಾಲಿ) ನೀರು 2018ರಲ್ಲಿ ಕೋಲಾರಕ್ಕೆ ಹೋದದ್ದು ಅದಕ್ಕೆ ಮಾದರಿ. ಬೈರಮಂಗಲದ ಸುತ್ತಲ ಜಮೀನಿಗೋ ಈಗ ‘ಎಐ ನಗರ’ದ ಕನಸು ಬಿದ್ದಿದೆ, ರೈತರು ಧರಣಿ ಕೂತಿದ್ದಾರೆ. ಇವುಗಳಲ್ಲಿ 2021ರಿಂದ ಈಚಿನ ದೊಡ್ಡ ತೀರ್ಮಾನಗಳು ಆಗುತ್ತಿದ್ದ ಹೊತ್ತಿನಲ್ಲಿ ಮೇಲಿನ ಊರಿನಲ್ಲಿ ಪಾಲಿಕೆ ಸದಸ್ಯನೇ ಇರಲಿಲ್ಲ.

ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್ 22ರಂದು. ಆ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅವಧಿ ತೀರುವ ಮೊದಲೇ ಚುನಾವಣೆ ಮುಗಿದಿರಬೇಕು ಎಂಬುದು ಸಂವಿಧಾನದ 243-ಯು ವಿಧಿ. ಇದರಲ್ಲಿ ನೆಪಕ್ಕೆ ಜಾಗವಿಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲೇ ಅಹಮದಾಬಾದಿನ ಪ್ರಕರಣದಲ್ಲಿ ಹೇಳಿತ್ತು. ಇಲ್ಲಿ ನೆಪಗಳಿಗೆ ಬರವಿರಲಿಲ್ಲ. 198 ವಾರ್ಡು 243 ಆಯಿತು, 243 ಮತ್ತೆ 225 ಆಯಿತು. ಪ್ರತಿ ಸಲವೂ ಗಡಿ, ಮೀಸಲಾತಿ, ತಕರಾರು, ಕೋರ್ಟು. ಆಳುವ ಪಕ್ಷ ಬದಲಾಯಿತೇ ಹೊರತು ಚುನಾವಣೆಯ ಬಗೆಗಿನ ಉದಾಸೀನ ಬದಲಾಗಲಿಲ್ಲ. ಕಡೆಗೆ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂದು, ಸೆಪ್ಟೆಂಬರಿನಲ್ಲಿ ನಗರ ಐದು ಪಾಲಿಕೆಗಳಾಯಿತು. ಐದರಲ್ಲಿ ಹೆಚ್ಚು ವಾರ್ಡುಗಳಿರುವುದು ಪಶ್ಚಿಮ ಪಾಲಿಕೆಯಲ್ಲಿ, ನೂರಕ್ಕೂ ಮೇಲು.

ಅದೇ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ, ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಮತಯಂತ್ರ ಬಿಟ್ಟು ಮತಪತ್ರದಲ್ಲಿ ನಡೆಸಲು ಶಿಫಾರಸು ಮಾಡಿತು. ದೇಶಕ್ಕೆ ಮತಯಂತ್ರ ಮಾಡಿಕೊಡುವ ಎರಡು ಸಂಸ್ಥೆಗಳಲ್ಲಿ ಒಂದಾದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಇರುವುದು ಇದೇ ಊರಿನ ಜಾಲಹಳ್ಳಿಯಲ್ಲಿ. ಕಾಗದವೋ ಯಂತ್ರವೋ ಎಂಬ ವಾದ ಬಿಸಿಯಾಗಿ ನಡೆಯಿತು. ಐದು ವರ್ಷ ಯಾವುದೂ ಇರಲಿಲ್ಲ ಎಂಬುದು ವಾದದಲ್ಲಿ ಅಷ್ಟಾಗಿ ಕೇಳಿಬರಲಿಲ್ಲ.

ಹೊಸ ಪಾಲಿಕೆಗೂ ಜಲಮಂಡಳಿ ಅಧೀನವಲ್ಲ, ಮಾಲಿನ್ಯ ಮಂಡಳಿ ಅಧೀನವಲ್ಲ, ಬೈರಮಂಗಲ ಅದರ ಗಡಿಯೊಳಗಿಲ್ಲ. ಆದರೂ ವಾರ್ಡ್ ಸಮಿತಿ ಎಂಬುದೊಂದಿದೆ. ಮೂರು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ಊರಿಗೆ ಸಂವಿಧಾನವೇ ಅದನ್ನು ಕಡ್ಡಾಯ ಮಾಡಿದೆ. ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಮತ ಕೇಳಲು ಯಾರಾದರೂ ಬಾಗಿಲಿಗೆ ಬಂದರೆ, ರಸ್ತೆ ಗುಂಡಿಯ ಮಾತು ಆಮೇಲಿರಲಿ, ನಿಮ್ಮ ಮನೆಯ ಹಿಂದಿನ ಮೋರಿಯ ನೀರು ಯಾವ ಊರಿಗೆ ಹೋಗುತ್ತದೆ ಎಂದು ಮೊದಲು ಕೇಳಿ.