ಬಸರೂರು: ಅಕ್ಕಿಯ ಬಂದರು

ಬಂದರೆಂದರೆ ಕಡಲ ತೀರದ ಊರೆಂದೇ ನಮ್ಮ ಕಲ್ಪನೆ. ಬಸರೂರು ಹಾಗಲ್ಲ. ಕುಂದಾಪುರದಲ್ಲಿ ದೋಣಿಯೇರಿ, ಉಬ್ಬರದ ನೀರಿನೊಡನೆ ವಾರಾಹಿ ನದಿಯಲ್ಲಿ ಮೇಲಕ್ಕೆ ಸಾಗಿದಾಗ ಅದರ ಕಾರಣ ನನಗೆ ಮನದಟ್ಟಾಯಿತು. ಕಡಲಿನ ಅಬ್ಬರ ಅಲ್ಲಿಗೆ ಮುಟ್ಟದು. ಬತ್ತದ ಗದ್ದೆಗಳೋ ಹೊಳೆಯಂಚಿನವರೆಗೂ ಚಾಚಿವೆ. ಹಾಯಿಯ ನಾವೆಗಳಿಗೆ ಬೇಕಾದ ಆಶ್ರಯವೂ ಸರಕೂ ಅಲ್ಲಿ ಒಂದೇ ಕಡೆ ದೊರೆಯುತ್ತಿದ್ದವು.

ದಡಕ್ಕಿಳಿದು ದಿನವಿಡೀ ಊರನ್ನು ಸುತ್ತಿದೆ. ವಿಜಯನಗರ ಕಾಲದ ಶಾಸನಗಳು ಇಲ್ಲಿನ ಪಡುವಕೇರಿ, ಮೂಡುಕೇರಿಗಳನ್ನೂ ಅಲ್ಲಿನ ಸೆಟ್ಟಿಕಾರರನ್ನೂ ಹೆಸರಿಸುತ್ತವೆ. ಈ ಕರಾವಳಿಯ ಅಕ್ಕಿಯನ್ನು ನೆಚ್ಚಿಕೊಂಡಿದ್ದವರಲ್ಲಿ ಗೋವೆಯ ಪೋರ್ಚುಗೀಸರೂ ಇದ್ದರು. ಆ ಅವಲಂಬನೆಯೇ ಊರಿಗೆ ಮುಳುವಾಯಿತು. 1569ರಲ್ಲಿ ಅವರು ಹೊಳೆಯ ಕೆಳಭಾಗದಲ್ಲಿ, ಕಡಲಿಗೆ ಹತ್ತಿರವಾಗಿ ಕೋಟೆ ಕಟ್ಟಿದರು. ಪೇಟೆಯನ್ನು ಗೆಲ್ಲುವ ಅಗತ್ಯವೇ ಇರಲಿಲ್ಲ. ಹೊಳೆಯ ಬಾಯಿ ಕೈಯಲ್ಲಿದ್ದರೆ ಅಕ್ಕಿಯೂ ಕೈಯಲ್ಲಿದ್ದಂತೆ. ಎಂಟು ದಶಕಗಳಿಗೂ ಮಿಗಿಲಾದ ಕಾಲ ಕಳೆದ ಮೇಲೆ ಕೆಳದಿಯ ಶಿವಪ್ಪನಾಯಕ ಅವರನ್ನು ಹೊರದೂಡಿದ. 1665ರ ಫೆಬ್ರವರಿಯಲ್ಲಿ ಶಿವಾಜಿಯ ನೌಕಾಪಡೆ ಬಂದು ಪೇಟೆಯನ್ನು ಸೂರೆಗೊಂಡಿತು.

ಇಂದು ತುಳುವೇಶ್ವರನ ಹಾಳುಗುಡಿಯನ್ನು ಮರದ ಬೇರುಗಳು ತಬ್ಬಿ ನಿಂತಿವೆ. ಬಸರೂರಿನ ಮಾತು ಬಂದಾಗ ಚರಿತ್ರೆ ನೆನೆಯುವುದು ಕೋಟೆ ಕಟ್ಟಿದವರನ್ನು, ಸೂರೆಗೈದವರನ್ನು. ಆದರೆ ಸೂರೆಗೊಳ್ಳಲು ಅಲ್ಲಿ ಸಂಪತ್ತೆಂಬುದು ಇದ್ದದ್ದು ಬತ್ತ ಬೆಳೆದ ಒಕ್ಕಲುಗಳಿಂದ, ಅದನ್ನು ಅಳೆದು ದೋಣಿಗೇರಿಸಿದ ವರ್ತಕರಿಂದ. ಬೆಳೆದವರ ಹೆಸರು ಅಳಿಸಿಹೋಗಿದೆ. ವರ್ತಕರಲ್ಲಿ ಕೆಲವರ ನೆನಪನ್ನಾದರೂ ಉಳಿಸಿರುವುದು ಶಾಸನದ ಕಲ್ಲುಗಳು. ಆ ಕಲ್ಲುಗಳನ್ನು ಮಳೆಗೂ ಮರವೆಗೂ ಬಿಟ್ಟುಕೊಟ್ಟರೆ, ಬಸರೂರು ಎರಡನೆಯ ಬಾರಿ ಸೂರೆಹೋದಂತೆಯೇ ಸರಿ.